ಅಪ್‌ಡೇಟ್: ಲ್ಯಾಬ್ ಮರಿಗೆ ಪ್ರೋಟೀನ್ ಎಷ್ಟಿರಬೇಕು?

ಕಾರವಾರದಿಂದ ಮತ್ತೆ ನಾನೇ. ಪ್ರೋಟೀನ್ ಜಾಸ್ತಿಯಾದರೆ ಲ್ಯಾಬ್ರಡಾರ್ ಮರಿಯ ಮೂಳೆ ಕೆಡುತ್ತದಾ ಎಂದು ಕೇಳಿದ್ದೆನಲ್ಲ, ಡಾಕ್ಟರ ಹತ್ತಿರ ಹೋಗಿ ಬಂದೆ. ಮರಿಯ ಫುಡ್ ಚೀಲ ತಿರುಗಿಸಿ ಅವರು ಮೊದಲು ನೋಡಿದ್ದೇ ಕ್ಯಾಲ್ಸಿಯಂ! ದೊಡ್ಡ ಜಾತಿಯ ಮರಿಗಳಿಗೆ ತೊಂದರೆ ಕೊಡುವುದು ಅತಿಯಾದ ಕ್ಯಾಲ್ಸಿಯಂ, ಬೇಗ ಏರುವ ತೂಕ. ಪ್ರೋಟೀನ್ ಅಲ್ಲವಂತೆ. ನೀರಿನಂಶ ಕಳೆದು ಲೆಕ್ಕ ಹಾಕಿದರೆ ಪ್ರೋಟೀನ್ ಕನಿಷ್ಠ ಶೇ. 22.5 ಇರಬೇಕು, ಕ್ಯಾಲ್ಸಿಯಂ ಶೇ. 1.8 ದಾಟಬಾರದು. ಹಾಗಾಗಿ ಶೇ. 28 ಪ್ರೋಟೀನ್ ಇರುವ ಲಾರ್ಜ್ ಬ್ರೀಡ್ ಪಪ್ಪಿ ಫುಡ್ಡೇ ಗಟ್ಟಿ ಮಾಡಿದೆ. ಕ್ಯಾಲ್ಸಿಯಂ ಸಿರಪ್ ಬಂದ್.

ಬಂಗಡೆ ಮೀನು ಕೊಡಬಹುದಾ? ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಒಂದು ಚೂರು ಸಾಕು. ಅಮ್ಮ ಮಾತ್ರ ಸುಮ್ನೆ ಇನ್ನೊಂದು ಹಾಕುತ್ತಾರೆ, ಏನು ಮಾಡೋದು! ತೂಕ ಸರಿಯಿದೆಯಾ ಎಂದು ನೋಡಲು, ಮರಿಯ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಸದ್ಯ ಸಿಗುತ್ತಿದೆ.