ಟ್ಯೂಬಿಂಗೆನ್ ಪ್ರಯಾಣ ಕೈತಪ್ಪಿತು; ಉಳಿದ ಎರಡು ತಿಂಗಳನ್ನು ಹೇಗೆ ಕಳೆಯಲಿ?

ಮಾಳಮಡ್ಡಿ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಕನ್ನಡ ಪಿಎಚ್.ಡಿ. ಮಾಡುತ್ತಿದ್ದೇನೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಮಂಗಳೂರಿನ ಮುದ್ರಣಾಲಯದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಬಂದ ಕನ್ನಡ ಶಾಲಾ ಪುಸ್ತಕಗಳು ನನ್ನ ವಿಷಯ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್ ದಾಖಲಾಗಾರದಲ್ಲೂ ಕುಳಿತು ಓದಬೇಕೆಂದು ಒಂದು ವರ್ಷದಿಂದ ಸಿದ್ಧತೆ ನಡೆಸಿದ್ದೆ. ವೀಸಾ ಅರ್ಜಿ ಸಲ್ಲಿಸಲು ದಿನಾಂಕ ಸಿಕ್ಕಿದ್ದೇ ಮೇ ತಿಂಗಳ ನಡುವಿನಲ್ಲಿ. ಆಮೇಲೆ ಇನ್ನಷ್ಟು ಕಾಗದಪತ್ರ ಕೇಳಿದರು. ಪಾಸ್‌ಪೋರ್ಟ್ ಇನ್ನೂ ಅಲ್ಲಿಯೇ ಇರುವಾಗ ಟಿಕೆಟ್ಟಿನ ದಿನ ಕಳೆದುಹೋಯಿತು. ಚೀಲಕ್ಕೆ ಹಾಕಿದ್ದ ಶೇಂಗಾ ಚಟ್ನಿಪುಡಿಯನ್ನು ಅವ್ವ ಏನೂ ಮಾತಾಡದೆ ಹೊರತೆಗೆದು ಮತ್ತೆ ಡಬ್ಬಿಗೆ ಸುರಿದಳು. ಸಿಟ್ಟಿಗಿಂತ ಹೆಚ್ಚಾಗಿ, ಓದಲು ಕುಳಿತರೆ ಪುಟವೇ ಸಾಗದಂತಾಗಿದೆ. ಇಂಥ ಸಂದರ್ಭವನ್ನು ದಾಟಿದವರು ಮುಂದೇನು ಮಾಡಿದಿರಿ ಎಂದು ತಿಳಿಸುವಿರಾ?

ನೆಕಾರ್ ತೀರ:
ಮೊದಲು ಹಣದ ಮಾತು. ನೀವು ಟಿಕೆಟ್ ಕೊಂಡದ್ದು ಭಾರತೀಯ ವಿಮಾನ ಸಂಸ್ಥೆಯಿಂದಾದರೆ, ಮರುಪಾವತಿ ಇಲ್ಲದ ಟಿಕೆಟ್ಟನ್ನು ರದ್ದು ಮಾಡಿದಾಗಲೂ ಅದರೊಳಗಿನ ತೆರಿಗೆ ಹಾಗೂ ವಿಮಾನನಿಲ್ದಾಣದ ಶುಲ್ಕಗಳನ್ನು ಅವರು ಹಿಂದಿರುಗಿಸಬೇಕಾಗುತ್ತದೆ, ಕೇಳದೆ ಸುಮ್ಮನಿರಬೇಡಿ. ಪ್ರಯಾಣ ವಿಮೆಯ ದಿನಾಂಕವನ್ನು ಮುಂದಕ್ಕೆ ಹಾಕಿಸಬಹುದೇ ಎಂದೂ ವಿಚಾರಿಸಿ. ಅಲ್ಪಾವಧಿಯ ಷೆಂಗೆನ್ ವೀಸಾ (ಜರ್ಮನಿ, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ವೀಸಾ) ಅರ್ಜಿಯನ್ನು ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನಿಸಬೇಕು, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹೋಗಬಹುದು; ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಅರ್ಜಿಯ ಜೊತೆಗೆ ಕಾಯ್ದಿರಿಸಿದ ಪ್ರಯಾಣದ ವಿವರವಿದ್ದರೆ ಸಾಕು, ವೀಸಾ ಕೈಗೆ ಬರುವ ಮೊದಲು ಪೂರ್ತಿ ದುಡ್ಡು ತೆತ್ತು ಟಿಕೆಟ್ ಕೊಳ್ಳಬೇಕಾಗಿಲ್ಲ. ಇದನ್ನು ನಾನೂ ದುಡ್ಡು ಕಳೆದುಕೊಂಡೇ ಕಲಿತದ್ದು.

ಇನ್ನೊಂದು ವಿಚಾರ. ಇಲ್ಲಿ ಟ್ಯೂಬಿಂಗೆನ್‌ನಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠಗಳು ಜುಲೈ ಕೊನೆಯ ಹೊತ್ತಿಗೆ ಮುಗಿದು ಅಕ್ಟೋಬರ್ ನಡುವಿನಲ್ಲಿ ಮತ್ತೆ ಆರಂಭವಾಗುತ್ತವೆ. ಪ್ರಾಧ್ಯಾಪಕರನ್ನು ಭೇಟಿಯಾಗುವುದೇ ಮುಖ್ಯ ಉದ್ದೇಶವಾಗಿದ್ದರೆ ಅಕ್ಟೋಬರ್ ಒಳ್ಳೆಯದು. ಹಳೆಯ ಪುಸ್ತಕಗಳೆದುರು ಕುಳಿತುಕೊಳ್ಳುವುದಷ್ಟೇ ಆದರೆ ಸೆಪ್ಟೆಂಬರಿನಲ್ಲಿ ಓದುವ ಕೋಣೆ ಖಾಲಿ ಇರುತ್ತದೆ, ಊರಿನಲ್ಲಿ ತಂಗಲು ಕೋಣೆಯೂ ಸುಲಭವಾಗಿ ಸಿಗುತ್ತದೆ. ಆದ್ದರಿಂದ ನಿಮ್ಮ ಪ್ರಯಾಣ ರದ್ದಾಯಿತು ಎನ್ನುವುದಕ್ಕಿಂತ ಮೂರು ತಿಂಗಳು ಮುಂದೆ ಹೋಯಿತು ಎನ್ನುವುದೇ ನಿಜಕ್ಕೆ ಹತ್ತಿರ. ಆಹ್ವಾನ ಪತ್ರದಲ್ಲಿ ಹೊಸ ದಿನಾಂಕ ಹಾಕಿಸಿಕೊಳ್ಳಲು ಇಂದೇ ಬರೆಯಿರಿ.

ಬಲ್ಮಠದ ಓದುಗ:
ನಿಮ್ಮ ವಿಷಯದ ಅರ್ಧ ಸಾಮಗ್ರಿ ನಿಮ್ಮಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಬಾಸೆಲ್ ಮಿಷನ್ನಿನ ಪುಸ್ತಕಗಳೂ ಕಾಗದಪತ್ರಗಳೂ ಇವೆ. ಮಾರ್ಗದರ್ಶಕರಿಂದ ಒಂದು ಪತ್ರ ಬರೆಸಿಕೊಂಡು ಮುಂಚಿತವಾಗಿ ಅನುಮತಿ ಕೇಳಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಮಲಯಾಳದ ಜೊತೆಗೆ ಕನ್ನಡದ ಹಳೆಯ ಮುದ್ರಣಗಳೂ ಪುಟಪುಟವಾಗಿ ಸಿಗುತ್ತವೆ. ಮಂಗಳೂರಿನ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದದ್ದು ನಿಮಗೆ ಗೊತ್ತೇ ಇದೆ. ಕಲ್ಲಚ್ಚೆಂದರೆ ಯಾರೋ ಕೈಯಲ್ಲಿ ಬರೆದ ಅಕ್ಷರವೇ ಪುಟಕ್ಕಿಳಿದದ್ದು; ಆ ಬರಹಗಾರನ ಕೈ ಎಲ್ಲಿ ಬದಲಾಯಿತು ಎಂಬುದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವುದೇ ವಾಸಿ. ಕಾಗದ, ಹೊಲಿಗೆ, ರಟ್ಟು ಇವುಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಪ್ರಯಾಣಕ್ಕೆ ಎತ್ತಿಡಿ.

ಆದರೆ ಈ ಎರಡು ತಿಂಗಳಲ್ಲಿ ನೀವು ಮಾಡಲೇಬೇಕಾದ ಕೆಲಸವೆಂದರೆ ಹಳೆಯ ಜರ್ಮನ್ ಕೈಬರಹ ಕಲಿಯುವುದು. ಮಿಷನರಿಗಳು ಊರಿಗೆ ಬರೆದ ಪತ್ರಗಳೂ ವರದಿಗಳೂ ಕುರೆಂಟ್ ಎಂಬ ಲಿಪಿಯಲ್ಲಿವೆ. ತರಗತಿಯಲ್ಲಿ ಕಲಿತ ಜರ್ಮನ್ ಎಷ್ಟೇ ಚೆನ್ನಾಗಿದ್ದರೂ ಅದರೆದುರು ಪ್ರಯೋಜನಕ್ಕೆ ಬರುವುದಿಲ್ಲ: ‘ಇ’ (e) ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಮತ್ತು ‘ಎನ್’ ಒಂದೇ ತೆರನಾಗಿರುವುದರಿಂದ ‘ಯು’ ಮೇಲೆ ಸಣ್ಣ ಕೊಂಕೊಂದನ್ನು ಹಾಕಿ ಬೇರೆ ಮಾಡಿರುತ್ತಾರೆ. ಇದನ್ನು ಕಲಿಯದೆ ಹೋದ ನಾನು ಬಾಸೆಲ್‌ನ ಮೊದಲ ಎರಡು ವಾರಗಳನ್ನು ಒಂದೇ ಪತ್ರದ ಮೇಲೆ ಕಳೆದೆ. ಈ ಜೂನ್‌ನಲ್ಲಿ ನೀವು ಹೋಗಿದ್ದರೆ ನಿಮಗೂ ಅದೇ ಆಗುತ್ತಿತ್ತೋ ಏನೋ. ಕಿಟೆಲ್ ಅವರೂ ನಡುವೆ ಜರ್ಮನಿಗೆ ಮರಳಿದ್ದವರು ನಿಘಂಟಿನ ಕೆಲಸಕ್ಕಾಗಿ ಪುನಃ ಇಲ್ಲಿಗೆ ಬರಬೇಕಾಯಿತು. ಅದು ಅಚ್ಚಾದದ್ದು 1894ರಲ್ಲಿ, ಅವರು ಮೊದಲು ಭಾರತಕ್ಕೆ ಬಂದು ನಲವತ್ತೊಂದು ವರ್ಷಗಳ ಮೇಲೆ.

ಶಿರಸಿ ಸೀಮೆ:
ಮೇಲಿನ ಇಬ್ಬರ ಸಲಹೆಗಳೂ ಉಪಯುಕ್ತವೇ, ಆದರೆ ತಂಗಿ, ನಾಳೆಯಿಂದಲೇ ಇದನ್ನೆಲ್ಲ ಆರಂಭಿಸಬೇಕೆಂದು ನಿಮ್ಮನ್ನು ನೀವು ಒತ್ತಾಯಿಸಿಕೊಳ್ಳಬೇಡಿ. ವರ್ಷವಿಡೀ ಕಾದದ್ದು ಕೈತಪ್ಪಿದಾಗ ಒಂದು ವಾರ ಮಂಕಾಗಿರುವುದು ನಿರಾಶಾವಾದವೇನಲ್ಲ. ‘ಆದದ್ದೆಲ್ಲ ಒಳ್ಳೆಯದಕ್ಕೇ’ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

2020ರ ಬೇಸಿಗೆಯಲ್ಲಿ ನಾನು ಭಾಷಾಶಾಸ್ತ್ರದ ಕಮ್ಮಟಕ್ಕೆ ಹೊರದೇಶಕ್ಕೆ ಹೋಗಬೇಕಿತ್ತು. ಮಾರ್ಚ್‌ನಲ್ಲಿ ವಿಮಾನಗಳೇ ನಿಂತವು. ಏಪ್ರಿಲ್ ಇಡೀ ಏನೂ ಮಾಡಲಿಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ ಮಳೆನೀರು ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ಕೆಲಸ ನಡೆದಿದ್ದಾಗ, ಹಿಂದೆ ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆಯುತ್ತಿದ್ದುದನ್ನು ಅಪ್ಪ ವಿವರಿಸುತ್ತಿದ್ದರು. ಅವರ ಬಾಯಲ್ಲಿ ಬಂದ ನಾಲ್ಕೈದು ಮಾತುಗಳು ನನಗೇ ತಿಳಿಯಲಿಲ್ಲ. ಅಂದು ಸಂಜೆ ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟದ್ದು ಆಮೇಲೆ ನನ್ನ ಪ್ರಬಂಧದ ಒಂದು ಅಧ್ಯಾಯವಾಯಿತು. ಕಮ್ಮಟ ತಪ್ಪಿದ್ದರಿಂದ ಲಾಭವಾಯಿತೆಂದು ನಾನು ಹೇಳಲಾರೆ. ಅಲ್ಲಿ ಕಲಿಯಬೇಕಾದದ್ದನ್ನು ಇಂದಿಗೂ ಕಲಿತಿಲ್ಲ.

ಮಾಳಮಡ್ಡಿ:
ಮೂವರಿಗೂ ಧನ್ಯವಾದಗಳು. ಹೊಸ ದಿನಾಂಕ ಕೋರಿ ಪತ್ರ ಬರೆದಿದ್ದೇನೆ, ಬಲ್ಮಠಕ್ಕೂ ಮಾರ್ಗದರ್ಶಕರ ಪತ್ರ ಹೋಗಿದೆ. ಉತ್ತರ ಬಂದ ಮೇಲೆ ಹೊರಡುತ್ತೇನೆ. ನಿನ್ನೆ ರಾತ್ರಿ ಕುರೆಂಟ್ ಅಕ್ಷರಮಾಲೆಯನ್ನು ಎದುರಿಗಿಟ್ಟುಕೊಂಡು ‘ಮಂಗಳೂರು’ ಎಂಬ ಹೆಸರನ್ನು ಬರೆದು ನೋಡಿದೆ. ‘ಎನ್’ ಮತ್ತು ‘ಯು’ ಎರಡೂ ಒಂದೇ ಆಗಿ ಕಂಡವು; ಕೊಂಕು ಹಾಕುವುದನ್ನು ಮರೆತಿದ್ದೆ.