ಇಡೋಮ ಕಾರ್ನಿವಲ್ ಅನ್ನು ನಮ್ಮ ಕಾಲೇಜಿನಲ್ಲಿ ಪರಿಚಯಿಸುವುದು ಹೇಗೆ?

ದಾವಣಗೆರೆಯ ವಿದ್ಯಾರ್ಥಿನಿ:
ಮಾನ್ಯರೇ, ನನ್ನ ಸಹಪಾಠಿಯೊಬ್ಬರು ನೈಜೀರಿಯಾದ ಬೆನ್ಯೂ ರಾಜ್ಯದ ಇಡೋಮ ಜನಾಂಗದವರು. ತಮ್ಮ ಜನರ ವಾರ್ಷಿಕ ಕಾರ್ನಿವಲ್ ಬಗ್ಗೆ ಅವರು ಹೇಳಿದ್ದನ್ನು ಕೇಳಿದ ಮೇಲೆ, ಅದನ್ನು ಕಾಲೇಜಿನ ಉತ್ಸವದಲ್ಲಿ ಪರಿಚಯಿಸಬೇಕೆಂಬ ಆಸೆ ಹುಟ್ಟಿದೆ. ಅಲ್ಲಿನ ಮುಖವಾಡದ ವೇಷಗಳನ್ನು ನಾವೇ ಕಟ್ಟಿ ಕುಣಿದರೆ ತಪ್ಪಾಗುತ್ತದೆಯೇ?

ಚಿತ್ರದುರ್ಗದ ನಿವೃತ್ತ ಉಪನ್ಯಾಸಕ:
ವೇಷ ಬೇಡ ತಂಗಿ. ಇಡೋಮರಲ್ಲಿ ಅಲೆಕ್ವು ಎಂದರೆ ಗತಿಸಿದ ಹಿರಿಯರ ಆತ್ಮ. ಮುಖವಾಡ ಧರಿಸಿದವನ ಬಾಯಲ್ಲಿ ಆ ಹಿರಿಯರೇ ಬಂದು ವಂಶದ ಚರಿತ್ರೆಯನ್ನು ಹಾಡುತ್ತಾರೆಂಬುದು ಅವರ ನಂಬಿಕೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ನಮಗೆ ಈ ಭಾವ ಅರ್ಥವಾಗದ್ದೇನಲ್ಲ. ಆದ್ದರಿಂದ ಮುಖವಾಡದ ಚಿತ್ರ ತೋರಿಸಿ ವಿವರಿಸಿದರೆ ಸಾಕು. ಅವರ ಗುರುತೇ ಆಗಿರುವ ಕೆಂಪು-ಕಪ್ಪು ಪಟ್ಟೆಯ ಬಟ್ಟೆಯನ್ನು, ನಿಮ್ಮ ಸಹಪಾಠಿಯ ಒಪ್ಪಿಗೆ ಪಡೆದು, ಸಂತೋಷದಿಂದ ಉಡಬಹುದು. ಒಟುಕ್ಪೊ ಪಟ್ಟಣವನ್ನೂ, ಅಲ್ಲಿ ಪೀಠವಿರುವ ಪರಮೋಚ್ಚ ಅರಸ ಓಚಿಡೋಮರನ್ನೂ ಮರೆಯದೆ ಪರಿಚಯಿಸಿ.

ಹೊಳಲ್ಕೆರೆಯ ಗೃಹಿಣಿ:
ಊಟವನ್ನೂ ಸೇರಿಸಿ. ಬಳ್ಳಿಯೊಂದರ ಕಾಂಡದಿಂದ ಮಾಡುವ ಒಕೊಹೊ ಎಂಬ ಲೋಳೆಯಾದ ಸಾರನ್ನು ಅವರು ಕುಟ್ಟಿದ ಯಾಮ್ ಗೆಡ್ಡೆಯ ಮುದ್ದೆಯೊಂದಿಗೆ ಉಣ್ಣುತ್ತಾರೆ. ರಾಗಿ ಮುದ್ದೆ ನುಂಗಿ ಬೆಳೆದ ನಮ್ಮ ಸೀಮೆಯವರಿಗೆ ಅದರ ರೀತಿ ತಟ್ಟನೆ ತಿಳಿಯುತ್ತದೆ.

ದಾವಣಗೆರೆಯ ವಿದ್ಯಾರ್ಥಿನಿ:
ಧನ್ಯವಾದಗಳು ಸರ್, ಅಕ್ಕ. ವೇಷದ ಯೋಚನೆ ಕೈಬಿಟ್ಟಿದ್ದೇನೆ. ಹಿರಿಯರ ಹಾಡಿನ ವಿಷಯವನ್ನು ಸಹಪಾಠಿಯೇ ವೇದಿಕೆಯಲ್ಲಿ ಮಾತನಾಡಲು ಒಪ್ಪಿದ್ದಾರೆ.