ಅಡಿಕೆ ಗೋದಾಮನ್ನು ಲೈಬ್ರರಿ ಮಾಡುವುದಿದ್ದರೆ

ಪೆರ್ಲದಿಂದ ಪ್ರಶ್ನೆ: ವರ್ಷಗಟ್ಟಲೆ ಬಾಗಿಲು ಹಾಕಿದ್ದ ಅಡಿಕೆ ಗೋದಾಮೊಂದು ಊರಿನ ಲೈಬ್ರರಿಗೆ ಸಿಕ್ಕಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಲಗೆಯ ಉಪ್ಪರಿಗೆ. ಪುಸ್ತಕವೆಲ್ಲ ಮೇಲೆ, ಓದುವ ಜಾಗ ಕೆಳಗೆ ಅಂತ ಯೋಚನೆ. ಕರೆಂಟು ಬಿಲ್ಲು ಹೆಚ್ಚು ಬರಬಾರದು. ಅನುಭವ ಇದ್ದವರು ಹೇಳಿ.

ಬದಿಯಡ್ಕದಿಂದ: ಪುಸ್ತಕ ಉಪ್ಪರಿಗೆಗೆ ಬೇಡವೇ ಬೇಡ ಮಾರಾಯ್ರೆ! ನಮ್ಮಲ್ಲಿ ಹಳೇ ಬಟ್ಟೆ ಅಂಗಡಿಯಲ್ಲಿ ಲೈಬ್ರರಿ ಮಾಡುವಾಗ ಇಂಜಿನಿಯರ್ ಮೊದಲು ಕೇಳಿದ್ದೇ ಕಪಾಟು ಎಲ್ಲಿ ಇಡುತ್ತೀರಿ ಅಂತ. ಅಂಗಡಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 400 ಕಿಲೋ ಭಾರ ಲೆಕ್ಕ ಹಿಡಿಯುತ್ತಾರೆ. ಪುಸ್ತಕದ ಕಪಾಟು ಸಾಲಾಗಿ ನಿಲ್ಲುವ ಕೋಣೆಗೆ 600ಕ್ಕೂ ಮೇಲೆ. ಹಳೇ ಹಲಗೆ ಅದನ್ನು ಹೊರುವುದುಂಟಾ? ಅಡಿಕೆ ಮೂಟೆ ಹೊತ್ತ ಕೆಳಗಿನ ನೆಲವೇ ಪುಸ್ತಕಕ್ಕೆ ಸರಿ. ಓದುವವರು ಮೇಲೆ ಕೂರಲಿ, ಅದೂ ತೊಲೆಗಳನ್ನು ತಿಳಿದವರಿಗೆ ತೋರಿಸಿದ ಮೇಲೆ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಹಿಂದೆ ಕೈ ಹೋಗುವಷ್ಟು ಜಾಗ ಬಿಡಿ. ಒರಳೆ ಹತ್ತಿದರೆ ಬೇಗ ಕಾಣುತ್ತದೆ.

ಮಂಜೇಶ್ವರದಿಂದ: ಭಾರಕ್ಕಿಂತ ದೊಡ್ಡ ಶತ್ರು ತೇವ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಹಾಗೇ ನಿಂತರೆ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ಆಟಿ ತಿಂಗಳ ಜೋರು ಮಳೆಯಲ್ಲಿ ನಮ್ಮಲ್ಲಿ ಅದು ದಾಟದ ದಿನ ಕಡಿಮೆ. ಹಾಗಂತ ಕಿಟಕಿ ಮುಚ್ಚಿ ಎಸಿ ಹಾಕಬೇಡಿ. ಹಗಲು ತಂಪು, ರಾತ್ರಿ ಬಂದ್ ಅಂದರೆ ತಣ್ಣಗಾದ ಪುಸ್ತಕದ ಮೇಲೆ ತೇವ ಕೂರುತ್ತದೆ. ಎದುರುಬದುರು ಕಿಟಕಿ ತೆರೆದು ಗಾಳಿ ಆಡಲಿ. ಗೋಡೆಗೆ ಸುಣ್ಣದ ಗಾರೆ, ಸಿಮೆಂಟು ಬೇಡ. ಮುರಕಲ್ಲು ಕುಡಿದ ನೀರು ಹೊರಗೆ ಹೋಗಬೇಕಲ್ಲ. ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿದರೆ ಉಪ್ಪರಿಗೆಯಲ್ಲಿ ಹಗಲು ದೀಪ ಬೇಡ. ಹಳೇ ಫ್ಯಾನು 75 ವಾಟ್ ತಿಂದರೆ ಕರೆಂಟು ಉಳಿಸುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಸೋಲಾರ್ ಮಾತು ಆಮೇಲೆ. ಒಡೆದ ಹಂಚು, ಕುಂಬಾದ (ಕೊಳೆತ) ಪಕ್ಕಾಸು ಮೇ ಒಳಗೆ ಬದಲಿಸಿ.

ಕುಂಬಳೆಯಿಂದ: ಕಟ್ಟಡದ ಉಪಯೋಗ ಬದಲಾವಣೆಗೆ ಪಂಚಾಯತಿನಲ್ಲಿ ಕೇಳಿ. ಕೇರಳ ಲೈಬ್ರರಿ ಕೌನ್ಸಿಲಿನ ಮಾನ್ಯತೆಗೂ ಅರ್ಜಿ ಹಾಕಿ. ಕೇರಳದ 1989ರ ಲೈಬ್ರರಿ ಕಾಯ್ದೆಯಂತೆ ಕಟ್ಟಡ ತೆರಿಗೆಯ ಜತೆ ರೂಪಾಯಿಗೆ ಐದು ಪೈಸೆ ಲೈಬ್ರರಿ ಸೆಸ್ ಕಟ್ಟುವವರು ನಾವೇ, ಗ್ರಾಂಟು ಕೇಳಲು ಸಂಕೋಚ ಯಾಕೆ?

ಪೆರ್ಲದಿಂದ: ಪುಸ್ತಕ ಕೆಳಗೇ ಆಯಿತು. ಆದರೆ ಪೇಪರ್ ಓದಲು ಬರುವ ಅಜ್ಜಂದಿರು ಮೆಟ್ಟಿಲು ಹತ್ತುವುದು ಹೇಗೆ?

ಬದಿಯಡ್ಕದಿಂದ: ಪೇಪರಿನ ಮೇಜು ಮುಂದಿನ ಜಗಲಿಗೆ ಹಾಕಿ. ಅಜ್ಜಂದಿರಿಗೆ ಪೇಪರಿನಷ್ಟೇ ರಸ್ತೆಯೂ ಕಾಣಬೇಕು. ಜಗಲಿಗೆ ಒಂದು ಇಳಿಜಾರು ಕಟ್ಟಿಸಿ, ಗಾಲಿಕುರ್ಚಿಯೂ ಹತ್ತುತ್ತದೆ.